ಹರಕೆ ಫಲಿಸದವರ ಊರು

ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪ್ರಾಂತ್ಯದಲ್ಲಿ ಕೆಂಪೆನ್ ಅನ್ನುವ ಮರಳುನೆಲದ ಬಡ ಸೀಮೆಯೊಂದಿದೆ. ಅಲ್ಲಿಯ ಗೀಲ್ ಊರಿನಲ್ಲಿ ಸಂತ ಡಿಂಫ್ನಾಳ ಹೆಸರಿನ ಚರ್ಚಿನ ಕೆಲಸ 1349ರಲ್ಲಿ ಶುರುವಾಯಿತು. ಸುಮಾರು ನೂರಮೂವತ್ತು ವರ್ಷಗಳ ಮೇಲೆ, 1480ರ ಹೊತ್ತಿಗೆ, ಅದರ ಗೋಪುರದ ಮಗ್ಗುಲಿಗೇ ಒಂದು ಕೋಣೆ ಎದ್ದಿತು. ತಲೆ ಕೆಟ್ಟವರು, ಮೈಮೇಲೆ ದೆವ್ವ ಬಂದಿದೆಯೆಂದು ಜನ ನಂಬಿದವರು, ಹುಟ್ಟಿನಿಂದಲೇ ಬುದ್ಧಿ ಬೆಳೆಯದವರು, ಹೀಗೆ ಎಲ್ಲರನ್ನೂ ಮನೆಯವರು ಅಲ್ಲಿಗೆ ಕರೆತರುತ್ತಿದ್ದರು. ಒಂಬತ್ತು ದಿನದ ಸೇವೆ. ದಿನವೂ ಚರ್ಚಿಗೆ ಪ್ರದಕ್ಷಿಣೆ ಹಾಕಬೇಕು, ಸಂತಳ ಅಸ್ಥಿಯಿಟ್ಟ ಪೆಟ್ಟಿಗೆಯ ಅಡಿಯಲ್ಲಿ ಮಂಡಿಯೂರಿ ನುಸುಳಿ ಆಚೆ ಬರಬೇಕು, ಪಾದ್ರಿಗಳು ಮಂತ್ರ ಹಾಕಿ ಭೂತ ಬಿಡಿಸುತ್ತಾರೆ. ಒಂಬತ್ತು ದಿನ ಕಳೆದ ಮೇಲೆ ಕೆಲವರು ಗುಣವಾಯಿತೆಂದು ಊರಿಗೆ ಹೊರಟರು. ಗುಣವಾಗದವರು ಉಳಿದರು. ಈ ಊರಿನ ಬಗ್ಗೆ ಬರೆಯುವ ಭಕ್ತರು ಅದನ್ನು ಪವಾಡದ ಊರು ಅನ್ನುತ್ತಾರೆ, ಮನೋವೈದ್ಯರು ಸಮುದಾಯದ ಆರೈಕೆಯ ಮೊದಲ ಮಾದರಿ ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ಗೀಲ್ ಊರಿನ ಏಳುನೂರು ವರ್ಷದ ಪದ್ಧತಿಯನ್ನು ಕಟ್ಟಿದ್ದು ಫಲಿಸಿದ ಹರಕೆಗಳಲ್ಲ, ಫಲಿಸದ ಹರಕೆಗಳು. ಬುದ್ಧಿ ಬೆಳೆಯದ ಮಗ ದೊಡ್ಡವನಾಗಿ, ಅವನ ತಂದೆತಾಯಿ ಮುದುಕರಾಗಿ, ದೇವರು ಕೈ ಹಿಡಿಯಲಿಲ್ಲ ಅನ್ನಿಸಿದ ಮೇಲೂ ನಂಬಿಕೆಗೆ ಮಾಡಲು ಏನಾದರೂ ಕೆಲಸ ಉಳಿದಿರುತ್ತದೆಯೇ ಅನ್ನುವ ಪ್ರಶ್ನೆಗೆ ಈ ಊರಿನ ಚರಿತ್ರೆಯಲ್ಲಿ ಒಂದು ಉತ್ತರ ಸಿಗುತ್ತದೆ. ಅದು ಪೂರ್ತಿ ಹಿತವಾದ ಉತ್ತರವೇನೂ ಅಲ್ಲ.

ಮೊದಲು ಸಂತಳ ಕಥೆ. ಏಳನೆಯ ಶತಮಾನದ ಐರ್ಲೆಂಡಿನ ರಾಜನೊಬ್ಬನ ಹೆಂಡತಿ ತೀರಿಕೊಂಡಳು. ದುಃಖದಲ್ಲಿ ಬುದ್ಧಿ ಕಳೆದುಕೊಂಡ ರಾಜ, ಸತ್ತವಳ ರೂಪವನ್ನೇ ಹೊತ್ತಿದ್ದ ಮಗಳನ್ನು ಮದುವೆಯಾಗಲು ಹೊರಟ. ಮಗಳು ಡಿಂಫ್ನಾ ತನ್ನ ಗುರು ಗೆರೆಬೆರ್ನನ ಜತೆ ಕಡಲು ದಾಟಿ ಗೀಲ್ ಸೇರಿದಳು. ಅಪ್ಪ ಹುಡುಕಿಕೊಂಡು ಬಂದು ಗುರುವನ್ನು ಕೊಲ್ಲಿಸಿದ, ಮಗಳ ತಲೆಯನ್ನು ತಾನೇ ಕಡಿದ. ಇದನ್ನು ಬರೆದಿಟ್ಟದ್ದು ಹದಿಮೂರನೆಯ ಶತಮಾನದ ನಡುಭಾಗದಲ್ಲಿ, ಕಾಂಬ್ರೆಯ ಒಬ್ಬ ಪಾದ್ರಿ. ನಡೆದಿದೆಯೆನ್ನುವ ಘಟನೆಗೂ ಬರವಣಿಗೆಗೂ ನಡುವೆ ಆರು ಶತಮಾನ. ಆದ್ದರಿಂದ ಇದನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಮಗಳ ಮೇಲೆ ಕಣ್ಣು ಹಾಕುವ ಅಪ್ಪನ ಕಥೆ ಯೂರೋಪಿನ ಜಾನಪದದಲ್ಲಿ ಮತ್ತೆ ಮತ್ತೆ ಬರುವಂಥದ್ದೇ. ಆದರೂ ಜನ ಇವಳನ್ನು ಹುಚ್ಚು ಬಿಡಿಸುವ ಸಂತಳೆಂದು ಆರಿಸಿಕೊಂಡದ್ದರಲ್ಲಿ ಒಂದು ತರ್ಕವಿದೆ. ಹುಚ್ಚಿನಿಂದ ಸತ್ತವಳಿಗೆ ಹುಚ್ಚಿನ ಮೇಲೆ ಅಧಿಕಾರ. ಆ ಹುಚ್ಚು ಮನೆಯೊಳಗೇ ಹುಟ್ಟಿದ್ದು, ತಂದೆಗೂ ಮಕ್ಕಳಿಗೂ ನಡುವಿನ ಸಂಬಂಧವನ್ನೇ ಕೆಡಿಸಿದ್ದು ಅನ್ನುವುದೂ ಗಮನಿಸಬೇಕಾದ ಮಾತು. ಮಗ ಅಥವಾ ಮಗಳ ಕೈ ಹಿಡಿದುಕೊಂಡು ಬರುವ ತಂದೆತಾಯಿಗಳೇ ಈ ಯಾತ್ರೆಯಲ್ಲಿ ಹೆಚ್ಚು ಇದ್ದಿರಬೇಕು ಎಂದು ಊಹಿಸಿದರೆ ತಪ್ಪಾಗಲಾರದು.

ಆ ಕೋಣೆಯಲ್ಲಿ ಜಾಗ ಕಡಿಮೆ. ಸರದಿಗೆ ಕಾಯುವವರು, ಒಂಬತ್ತು ದಿನ ಮುಗಿಸಿ ಇನ್ನೊಂದು ಸುತ್ತು ಸೇವೆಗೆ ನಿಲ್ಲುವವರು ಎಲ್ಲಾದರೂ ಇರಬೇಕಲ್ಲ. ಚರ್ಚಿನ ಸುತ್ತಲಿನ ರೈತರು, ಕುಶಲಕರ್ಮಿಗಳು ತಮ್ಮ ಮನೆಗಳಲ್ಲಿ ಇಟ್ಟುಕೊಂಡರು, ಅದಕ್ಕೆ ಮನೆಯವರಿಂದ ಹಣ ಪಡೆದರು. ಇದರಲ್ಲಿ ವಿಶೇಷವೇನಿಲ್ಲ. ಯಾವ ಯಾತ್ರಾಸ್ಥಳದಲ್ಲಾದರೂ ನಡೆಯುವ ವ್ಯವಹಾರವೇ. ವಿಶೇಷ ನಡೆದದ್ದು ಆಮೇಲೆ. ದೂರದಿಂದ ಬಂದ ಮನೆಯವರು ಎಷ್ಟು ದಿನವೆಂದು ಕಾದಾರು? ಹೊಲ ಬಿತ್ತನೆಗೆ ಬಂದಿರುತ್ತದೆ, ಊರಲ್ಲಿ ಬೇರೆ ಮಕ್ಕಳಿರುತ್ತಾರೆ. ಅವರು ದುಡ್ಡು ಕೊಟ್ಟು, ಗುಣವಾಗುವ ತನಕ ನೋಡಿಕೊಳ್ಳಿರೆಂದು ಹೇಳಿ ಹೊರಟರು. ಗುಣವಾಗುವ ತನಕ ಅನ್ನುವುದು ವರ್ಷಗಳಾಯಿತು, ಕೆಲವರ ಪಾಲಿಗೆ ಜೀವಮಾನವೇ ಆಯಿತು. ಜ್ವರದಂತೆ ಬಂದು ಹೋಗುವ ಹುಚ್ಚಿದ್ದವರು ಹಿಂತಿರುಗಿರಬಹುದು. ಆದರೆ ಹುಟ್ಟಿನಿಂದಲೇ ಬುದ್ಧಿ ನಿಧಾನವಾದವನ ವಿಷಯದಲ್ಲಿ ವಾಸಿಯಾಗಬೇಕಾದ ಕಾಯಿಲೆಯೇ ಇರಲಿಲ್ಲ. ಅವನು ಇದ್ದದ್ದೇ ಹಾಗೆ. ಹರಕೆಯ ಲೆಕ್ಕದಲ್ಲಿ ಅವನು ಯಾವತ್ತೂ ಬಾಕಿ. ಆ ಬಾಕಿಯನ್ನು ಊರು ಹೊತ್ತುಕೊಂಡಿತು. ಅಂಥವರನ್ನು ಅಲ್ಲಿ ರೋಗಿ ಅನ್ನುವುದಿಲ್ಲ, ಬೋರ್ಡರ್ ಅನ್ನುತ್ತಾರೆ. ಊಟ ವಸತಿಗೆ ಮನೆ ಸೇರಿದವನು ಎಂದಷ್ಟೆ.

ಇಲ್ಲೊಂದು ತಕರಾರು ಏಳುತ್ತದೆ. ಇದರಲ್ಲಿ ನಂಬಿಕೆಯ ಪಾತ್ರವೇನು ಬಂತು, ಹಣಕ್ಕೆ ನಡೆದ ಕೆಲಸ ತಾನೆ? ಹಣದ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು, ಆ ಕಾಲದ ಕ್ರೈಸ್ತ ಜಗತ್ತಿನಲ್ಲಿ ಇಂಥವರಿಗೆ ಬೇರೆ ಏನೇನು ಕಾದಿತ್ತು ನೋಡಬೇಕು. 1540ರ ಸುಮಾರಿನ ಮಾರ್ಟಿನ್ ಲೂಥರನ ಮಾತುಕತೆಗಳನ್ನು ಶಿಷ್ಯರು ಬರೆದಿಟ್ಟಿದ್ದಾರೆ. ಅದರಲ್ಲಿ ಡೆಸ್ಸೌ ಊರಿನ ಹನ್ನೆರಡು ವರ್ಷದ ಮಗುವಿನ ಪ್ರಸ್ತಾಪವಿದೆ. ತಿನ್ನುವುದು, ವಿಸರ್ಜಿಸುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಆ ಮಗುವನ್ನು ಆತ್ಮವಿಲ್ಲದ ಮಾಂಸದ ಮುದ್ದೆಯೆಂದು ಕರೆದು, ನದಿಗೆ ಹಾಕುವುದೇ ಸರಿ ಎಂದು ಅವನು ಹೇಳಿದನೆಂದು ದಾಖಲೆ. ಶಿಷ್ಯರ ಟಿಪ್ಪಣಿಯನ್ನು ಎಷ್ಟು ನಂಬಬೇಕೆಂಬ ವಾದ ವಿದ್ವಾಂಸರಲ್ಲಿದೆ. ಆದರೆ ದೆವ್ವಗಳು ಮಗುವನ್ನು ಅದಲುಬದಲು ಮಾಡುತ್ತವೆ ಅನ್ನುವ ನಂಬಿಕೆ ಆ ಕಾಲದ ಹಳ್ಳಿಗಳಲ್ಲಿ ಬೇಕಾದಷ್ಟಿತ್ತು. ಇದಕ್ಕೆ ಎದುರಾಗಿ ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್, ಬುದ್ಧಿ ಇಲ್ಲದವರಿಗೂ ದೀಕ್ಷಾಸ್ನಾನ ಕೊಡಬೇಕೆಂದು ವಾದಿಸಿದ್ದ. ಮಗುವಿನ ಪರವಾಗಿ ಚರ್ಚು ನಂಬುವಂತೆ ಇವರ ಪರವಾಗಿಯೂ ನಂಬಬಹುದು ಅನ್ನುವುದು ಅವನ ತರ್ಕದ ತಿರುಳು. ಪ್ರಸಾದದ ವಿಷಯದಲ್ಲಿ ಮಾತ್ರ ಅವನು ಹಿಂದೆ ಸರಿದ. ಅಲ್ಪಸ್ವಲ್ಪ ಅರಿವಿದ್ದು ಭಕ್ತಿ ತೋರಬಲ್ಲವರಿಗೆ ಕೊಡಬಹುದು, ಹುಟ್ಟಿನಿಂದ ಅರಿವೇ ಮೂಡದವರಿಗೆ ಬೇಡ ಅಂದ.

ಗೀಲ್ ಊರಿನ ಸೇವಾಕ್ರಮದಲ್ಲಿ ಈ ಪರವಾಗಿ ನಂಬುವ ವಿಚಾರ ಕಾಲುನಡಿಗೆಯ ರೂಪ ಪಡೆದಿತ್ತು. ಯಾತ್ರಿಕನಿಗೆ ಪ್ರದಕ್ಷಿಣೆ ಹಾಕಲು, ಪೆಟ್ಟಿಗೆಯಡಿ ನುಸುಳಲು ಆಗದಿದ್ದರೆ ಅವನ ಬದಲು ಊರಿನವರು, ಎಷ್ಟೋ ಸಲ ಊರಿನ ಮಕ್ಕಳೇ, ಆ ಸೇವೆ ಮಾಡಿ ಮುಗಿಸುತ್ತಿದ್ದರು. ನಮ್ಮಲ್ಲಿ ಹರಕೆ ಹೊತ್ತವನ ಪರವಾಗಿ ಅಣ್ಣನೋ ಅಮ್ಮನೋ ಉರುಳುಸೇವೆ ಮಾಡುವುದಿಲ್ಲವೇ, ಹಾಗೆ. ಒಂದು ವ್ಯತ್ಯಾಸವುಂಟು. ಇಲ್ಲಿ ಸೇವೆ ಮಾಡುವವರು ರಕ್ತಸಂಬಂಧಿಗಳಲ್ಲ, ಅಪರಿಚಿತರು. ಊರಿನ ಹುಡುಗನೊಬ್ಬ ಹತ್ತನೆಯ ವಯಸ್ಸಿನಲ್ಲಿ ಯಾರದೋ ಮನೆಯ ಪೆದ್ದನಿಗಾಗಿ ಮಂಡಿಯಲ್ಲಿ ನಡೆದಿರುತ್ತಾನೆ. ಮೂವತ್ತನೆಯ ವಯಸ್ಸಿನಲ್ಲಿ ಅಂಥವನೇ ತನ್ನ ಹೊಲದಲ್ಲಿ ಹುಲ್ಲು ಹೊರುವಾಗ ಅವನಿಗೆ ಭಯವಾಗಲಿ ಹೇಸಿಗೆಯಾಗಲಿ ಹುಟ್ಟಲು ಕಾರಣವಿಲ್ಲ. ನಂಬಿಕೆ ಗೀಲ್ ಊರಿಗೆ ಕೊಟ್ಟ ಮುಖ್ಯ ಕೊಡುಗೆ ಇದೆಂದು ನನ್ನ ಅಭಿಪ್ರಾಯ. ವಾಸಿ ಮಾಡುವ ಶಕ್ತಿಯನ್ನು ಅದು ಕೊಟ್ಟಿತೋ ಇಲ್ಲವೋ, ಬಳಕೆಯನ್ನಂತೂ ಕೊಟ್ಟಿತು. ದಿನಾ ಕಾಣುವ ಮುಖಕ್ಕೆ ಯಾರೂ ಬೆಚ್ಚುವುದಿಲ್ಲ.

ಹದಿನೆಂಟನೆಯ ಶತಮಾನದ ಕೊನೆಗೆ ಫ್ರೆಂಚರ ಆಳ್ವಿಕೆ ಬಂತು, ಚರ್ಚು ಮುಚ್ಚಿತು. ನಂಬಿಕೆಯೇ ಆಧಾರವಾಗಿದ್ದರೆ ಪದ್ಧತಿ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬೋರ್ಡರುಗಳು ಮನೆಮನೆಗಳಲ್ಲಿ ಇದ್ದರು, ಚರ್ಚಿನ ಬೀಗ ಅವರ ತಟ್ಟೆಯ ಊಟವನ್ನು ತಪ್ಪಿಸಲಿಲ್ಲ. 1803ರಲ್ಲಿ ಬ್ರಸೆಲ್ಸ್ ಪ್ರಾಂತ್ಯದ ಆಡಳಿತಾಧಿಕಾರಿ ಪೊಂತೆಕೂಲಾಂ ತನ್ನ ನಗರದ ಆಸ್ಪತ್ರೆಯ ನರಕದಲ್ಲಿ ಕೊಳೆಯುತ್ತಿದ್ದವರನ್ನು ಗೀಲ್‌ಗೆ ಕಳಿಸಿದ. ಸರ್ಕಾರ ದುಡ್ಡು ಕೊಟ್ಟು ಜನರನ್ನು ಕಳಿಸುವ ಕ್ರಮ ಹೀಗೆ ಬೆಳೆಯಿತು. ಅಲ್ಲಿಂದ ಮುಂದಿನ ಕಥೆ ನನಗೆ ಬಹಳ ಕುತೂಹಲದ್ದೆನಿಸುತ್ತದೆ. ಪ್ಯಾರಿಸ್ಸಿನ ಪಿನೆಲ್, ಅವನ ಶಿಷ್ಯ ಎಸ್ಕಿರೋಲ್ ಮುಂತಾದ ಹೊಸ ಕಾಲದ ವೈದ್ಯರು ಹುಚ್ಚು ವಾಸಿಯಾಗಬಲ್ಲ ಕಾಯಿಲೆಯೆಂದು ಸಾರಿ, ಅದಕ್ಕಾಗಿಯೇ ವಿಶೇಷ ಆಸ್ಪತ್ರೆಗಳನ್ನು ಕಟ್ಟಿಸಿದರು. ಈ ಆಸ್ಪತ್ರೆಗಳಿಗೂ ಒಂದು ಬಾಕಿ ಉಳಿಯಿತು. ವಾಸಿಯಾಗದವರು, ಅದರಲ್ಲೂ ಮುಖ್ಯವಾಗಿ ಬುದ್ಧಿ ಬೆಳೆಯದವರು. ಆಸ್ಪತ್ರೆಯ ಮಂಚ ವಾಸಿಯಾಗುವವನಿಗೆ ಬೇಕು, ಇವರನ್ನೇನು ಮಾಡುವುದು? ಹಾಗೆ ಅವರಲ್ಲಿ ಅನೇಕರು ಗೀಲ್ ಸೇರಿದರು. ಮೊದಲು ದೇವರ ಕೈಲಿ ಆಗದವರನ್ನು ಇಟ್ಟುಕೊಂಡಿದ್ದ ಊರು ಈಗ ವೈದ್ಯರ ಕೈಲಿ ಆಗದವರನ್ನೂ ಇಟ್ಟುಕೊಂಡಿತು. ಪಾದ್ರಿಯ ಸೋಲನ್ನೂ ವೈದ್ಯನ ಸೋಲನ್ನೂ ಒಂದೇ ಅಡುಗೆಮನೆ ನುಂಗಿತು. 2003ರಲ್ಲಿ ಅಲ್ಲಿದ್ದ 516 ಬೋರ್ಡರುಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೌದ್ಧಿಕ ವೈಕಲ್ಯವೇ ಮುಖ್ಯ ಕಾರಣವಾಗಿತ್ತು. ಹುಚ್ಚರ ಊರೆಂದು ಹೆಸರಾದದ್ದು ನಿಜಕ್ಕೂ ಎಂಥವರ ಊರಾಗಿತ್ತು ಅನ್ನುವುದಕ್ಕೆ ಈ ಅಂಕಿ ಸಾಕು.

ಹೊಗಳಿಕೆ ಇಷ್ಟಕ್ಕೆ ನಿಲ್ಲಿಸಿ ಕಪ್ಪುಚುಕ್ಕೆಗಳಿಗೆ ಬರೋಣ. ಎಸ್ಕಿರೋಲ್ 1821ರಲ್ಲಿ ಗೀಲ್ ನೋಡಲು ಬಂದಾಗ ಬೀದಿಯಲ್ಲಿ ಹೊಲದಲ್ಲಿ ತಮ್ಮ ಪಾಡಿಗೆ ಓಡಾಡುವವರ ಜತೆ, ಕೈಕಾಲಿಗೆ ಕಬ್ಬಿಣ ಹಾಕಿಸಿಕೊಂಡವರನ್ನೂ ಕಂಡ. ಬೆಲ್ಜಿಯಂನವನೇ ಆದ ಗೆಂಟ್ ನಗರದ ವೈದ್ಯ ಜೋಸೆಫ್ ಗಿಸ್ಲೆನ್ ಈ ಪದ್ಧತಿಯ ಕಟು ಟೀಕಾಕಾರ. ಓದುಬರಹ ಇಲ್ಲದ ರೈತನ ಕೈಗೆ ರೋಗಿಯನ್ನು ಕೊಟ್ಟು ಕಣ್ಣುಮುಚ್ಚಿ ಕೂರುವುದು ಆರೈಕೆಯಲ್ಲ ಅನ್ನುವುದು ಅವನ ಆಕ್ಷೇಪ. ಅದರಲ್ಲಿ ಹುರುಳಿತ್ತು. 1844ರಲ್ಲಿ ಒಬ್ಬ ಬೋರ್ಡರ್ ಊರಿನ ಮೇಯರನ್ನೇ ಕೊಂದ. ಪದ್ಧತಿ ನಿಲ್ಲಿಸಿಬಿಡಲು ಇದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ. ಆದರೆ ನಡೆದದ್ದು ಬೇರೆ. 1850ರ ಕಾನೂನಿನಿಂದ ಗೀಲ್ ಸರ್ಕಾರದ ಮೇಲ್ವಿಚಾರಣೆಗೆ ಬಂತು. ವೈದ್ಯಾಧಿಕಾರಿಗಳು ನೇಮಕವಾದರು, ಊರನ್ನು ವಿಭಾಗಗಳಾಗಿ ಹಂಚಿಕೊಂಡು ಮನೆಮನೆ ತಪಾಸಣೆ ನಡೆಯಿತು, ಅಪಾಯಕಾರಿಗಳೆಂದು ಕಂಡವರನ್ನು ಕಳಿಸಬಾರದೆಂಬ ನಿಯಮವಾಯಿತು. 1862ರಲ್ಲಿ ಒಂದು ಚಿಕ್ಕ ಆಸ್ಪತ್ರೆ ತೆರೆಯಿತು. ಹೊಸಬನನ್ನು ಮೊದಲು ಅಲ್ಲಿರಿಸಿಕೊಂಡು ಸ್ವಭಾವ ತಿಳಿದು, ಆಮೇಲೆ ತಕ್ಕ ಮನೆಗೆ ಒಪ್ಪಿಸುವುದು. ಹೊಂದಲಿಲ್ಲವೆಂದರೆ ವಾಪಸು ಕರೆಸಿ ಇನ್ನೊಂದು ಮನೆ. ಸಂಕೋಲೆ ಕಳಚಿಸಿದ್ದು ಸಂತಳ ಕೃಪೆಯಲ್ಲ, ಈ ತಪಾಸಣೆ. ಭಕ್ತರು ಬರೆದ ಚರಿತ್ರೆಗಳಲ್ಲಿ ಈ ಅಧ್ಯಾಯ ತೆಳ್ಳಗಿರುತ್ತದೆ, ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಹಣದ ಪ್ರಶ್ನೆ. ಕೆಂಪೆನ್ ಸೀಮೆಯ ಮರಳು ಭೂಮಿಯಲ್ಲಿ ರೈತನಿಗೆ ಕೈಗೆ ಕಾಸು ಸಿಗುತ್ತಿದ್ದದ್ದೇ ಅಪರೂಪ. ಬೋರ್ಡರಿಗಾಗಿ ಬರುವ ಹಣ ತಪ್ಪದ ಆದಾಯ, ಜತೆಗೆ ಹೊಲಕ್ಕೆ ಎರಡು ಕೈ ಹೆಚ್ಚು. ಹಾಗಾಗಿ ಇದು ಭಕ್ತಿಯೂ ಅಲ್ಲ ದಯೆಯೂ ಅಲ್ಲ, ಅಗ್ಗದ ಕೂಲಿ ಅನ್ನುವ ಆರೋಪ ಹಳೆಯದು. ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಶ್ರೀಮಂತ ಮನೆತನದ ಬೋರ್ಡರಿಗೆ ಒಳ್ಳೆಯ ಮನೆ, ಬಡವನಿಗೆ ಹೊರಗಿನ ಹಳ್ಳಿಯ ಗುಡಿಸಲು ಅನ್ನುವ ಭೇದವೂ ಇತ್ತು. ಆದರೆ ಆರೋಪ ಮಾಡುವವರು ಒಂದನ್ನು ಮರೆಯುತ್ತಾರೆ. ರೈತನ ಸ್ವಂತ ಮಗನೂ ಅದೇ ಹೊಲದಲ್ಲಿ ದುಡಿಯುತ್ತಿದ್ದ, ಅದೇ ಮೇಜಿನಲ್ಲಿ ಅದೇ ಆಲೂಗಡ್ಡೆ ತಿನ್ನುತ್ತಿದ್ದ. ಆ ಲೋಕದಲ್ಲಿ ದುಡಿಮೆ ಇಲ್ಲದವನಿಗೆ ಗೌರವವಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಗೋಡೆಗೆ ಮುಖ ಮಾಡಿ ಕೂತವನಿಗೆ ಹೋಲಿಸಿದರೆ, ಹಸುವಿಗೆ ಹುಲ್ಲು ಹಾಕಿ ಬಾ ಅನ್ನಿಸಿಕೊಳ್ಳುವವನ ಬೆಳಗಿಗೆ ಒಂದು ಅರ್ಥವಿತ್ತು. ಹಣ ಬಂದದ್ದರಿಂದ ಪ್ರೀತಿ ಕೆಟ್ಟಿತು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಬಿಟ್ಟಿಯಾಗಿ ನೋಡಿಕೊಳ್ಳುವವಳು ತಾಯಿ ಒಬ್ಬಳೇ. ಅವಳು ಸತ್ತ ಮೇಲೂ ನಡೆಯಬೇಕಾದ ವ್ಯವಸ್ಥೆಗೆ ಯಾರಾದರೂ ದುಡ್ಡು ಕೊಡಲೇಬೇಕು.

ಎಲ್ಲ ದೇಶದಲ್ಲೂ ಇಂಥ ಮಕ್ಕಳ ಹೆತ್ತವರನ್ನು ಕಾಡುವ ಪ್ರಶ್ನೆ ಒಂದೇ: ನಾವು ಹೋದ ಮೇಲೆ ಇವನ ಗತಿಯೇನು? ಗೀಲ್ ಪದ್ಧತಿ ಈ ಪ್ರಶ್ನೆಗೆ ಕೊಟ್ಟ ಉತ್ತರ ಅದರ ಅತ್ಯಂತ ಗಟ್ಟಿಯಾದ ಭಾಗ. ಅಲ್ಲಿ ಬೋರ್ಡರ್ ಒಂದು ಮನೆಯಲ್ಲಿ ಮೂವತ್ತು, ನಲವತ್ತು, ಐವತ್ತು ವರ್ಷ ಇರುವುದು ಸಾಮಾನ್ಯ ಸಂಗತಿ. ಮನೆಯ ಯಜಮಾನಿ ಮುದುಕಿಯಾದಾಗ ಮಗಳೋ ಸೊಸೆಯೋ ಅವನನ್ನು ವಹಿಸಿಕೊಳ್ಳುತ್ತಾಳೆ, ಆಸ್ತಿಯ ಜತೆ ಹೊಣೆಯೂ ಕೈ ಬದಲಾಗುತ್ತದೆ. ಆ ಮಗಳನ್ನು ಅವನು ತೊಟ್ಟಿಲಲ್ಲಿ ತೂಗಿರುತ್ತಾನೆ. ಹೀಗಾಗಿ ಅವನು ಆ ಮನೆಯಲ್ಲಿ ಯಾರ ಮಗನೂ ಅಲ್ಲದಿದ್ದರೂ ಒಬ್ಬರಿಗೆ ಅಣ್ಣ, ಇನ್ನೊಬ್ಬರಿಗೆ ಮಾವ. 1970ರ ದಶಕದಲ್ಲಿ ಗೀಲ್‌ನಲ್ಲಿ ಇದ್ದು ಅಧ್ಯಯನ ಮಾಡಿದ ಅಮೆರಿಕದ ಎಲೆನ್ ಬ್ಯಾಕ್ಸ್ಟರ್ ಒಂದು ಪ್ರಸಂಗ ಹೇಳಿದ್ದಾರೆ. ಒಂದು ಮನೆಯ ಬೋರ್ಡರ್ ದಿನವೂ ಅಂಗಿಯ ಗುಂಡಿಗಳನ್ನು ತಿರುಚಿ ತಿರುಚಿ ಕಿತ್ತುಹಾಕುತ್ತಿದ್ದ. ಮನೆಯಾಕೆ ದಿನವೂ ಕೂತು ಅವನ್ನು ಮತ್ತೆ ಹೊಲಿಯುತ್ತಿದ್ದಳು. ಮೀನು ಹಿಡಿಯುವ ದಾರದಿಂದ ಬಿಗಿಯಾಗಿ ಹೊಲಿದುಬಿಡಬಾರದೇ ಎಂದು ಇವರು ಸಲಹೆ ಕೊಟ್ಟರು. ಅದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ, ಅವನಿಗೆ ಗುಂಡಿ ಕೀಳುವುದು ಬೇಕು ಎಂಬುದು ಆಕೆಯ ಉತ್ತರವಾಗಿತ್ತು. ಶತಮಾನಗಳ ಹಿಂದೆ ಪಾದ್ರಿಯ ಮುಂದೆ ದೆವ್ವ ಬಿಡಿಸಲು ನಿಂತ ಊರೇ ಇದು. ಈಗ ಬಿಡಿಸಲು ಏನೂ ಇಲ್ಲ, ಅವನು ಹೀಗೆಯೇ ಎಂದು ಒಪ್ಪಿ ಸೂಜಿದಾರ ಹಿಡಿದು ಕೂತಿದೆ. ಹೆತ್ತವರು ಪಕ್ಕಕ್ಕಿಡಲಾರದ ಆಸೆಯೊಂದಿದೆ, ಇವತ್ತಲ್ಲ ನಾಳೆ ಸರಿಹೋದಾನೆಂಬುದು. ಸಾಕುವವರಿಗೆ ಆ ಆಸೆಯ ಭಾರವಿಲ್ಲ. ಎಷ್ಟೋ ಸಲ ಹೆತ್ತವರ ಮನೆಗಿಂತ ಸಾಕುಮನೆಯಲ್ಲಿ ಅವನು ನೆಮ್ಮದಿಯಾಗಿದ್ದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಆಕ್ಷೇಪವಿದೆ. ಬೇಡವಾದ ಮಕ್ಕಳಿಂದ ಕೈತೊಳೆದುಕೊಳ್ಳುವ ಜಾಗವಾಗಿರಲಿಲ್ಲವೇ ಇದು? ಕೆಲವರಿಗೆ ಖಂಡಿತ ಆಗಿತ್ತು. 1880ರಲ್ಲಿ ಡಚ್ ಪಾದ್ರಿಯೊಬ್ಬ ಇಪ್ಪತ್ತೇಳು ವರ್ಷದ ತನ್ನ ಮಗನನ್ನು ಗೀಲ್‌ಗೆ ಸೇರಿಸಲು ಯೋಚಿಸಿದ್ದ. ಮಗ ಬಿಲ್‌ಕುಲ್ ಒಪ್ಪಲಿಲ್ಲ. ಆ ಮಗ ವಿನ್ಸೆಂಟ್ ವಾನ್ ಗೋ. ಪ್ರಾಟೆಸ್ಟೆಂಟ್ ಪಾದ್ರಿ ಕ್ಯಾಥೊಲಿಕ್ ಸಂತಳ ಊರನ್ನು ನೆನೆಸಿಕೊಂಡನೆಂದರೆ, ಅಷ್ಟರಲ್ಲಿ ಅದು ಹರಕೆಯ ಊರಾಗಿ ಉಳಿದಿರಲಿಲ್ಲವೆಂದಾಯಿತು. ಬೇಡವೆನ್ನುವ ಮಾತು ವಿನ್ಸೆಂಟನಿಗಿತ್ತು. ಮಾತೇ ಬಾರದವನಿಗೆ ಆ ಆಯ್ಕೆ ಇರಲಿಲ್ಲ. ಗೀಲ್‌ನಲ್ಲಿ ಬೋರ್ಡರಿಗೆ ಎಷ್ಟೇ ವಯಸ್ಸಾದರೂ ಮದುವೆ, ಸಂಸಾರ, ಸ್ವಂತ ಮನೆ ಅವನ ಪಾಲಿಗೆ ದೂರವೇ ಉಳಿದವು. ಮನೆಯ ಮಗನಂತೆ ಅನ್ನುವುದರಲ್ಲಿ ಎಂದೆಂದೂ ಮಗನಾಗಿಯೇ ಇರು ಅನ್ನುವ ಷರತ್ತೂ ಅಡಗಿತ್ತು. ಇವತ್ತಿನ ಅಂಗವಿಕಲರ ಹಕ್ಕುಗಳ ಚಳವಳಿ ಈ ಕಡೆ ಬೆರಳು ಮಾಡಿದರೆ ಅದನ್ನು ಅಲ್ಲಗಳೆಯುವುದು ಸುಳ್ಳಾಗುತ್ತದೆ.

ನಂಬಿಕೆಯ ಮೇಲಿನ ಇನ್ನೂ ಗಂಭೀರವಾದ ದೂರು ನಮ್ಮ ಮಗ್ಗುಲಲ್ಲೇ ಇದೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ಎಲ್ಲ ಜಾತಿ ಮತದವರೂ ಮನಸ್ಸು ಕೆಟ್ಟವರನ್ನು ಕರೆತರುತ್ತಿದ್ದರು. ಕನಸಿನಲ್ಲಿ ಅಪ್ಪಣೆಯಾಗುವ ತನಕ ಅಲ್ಲೇ ಇರಬೇಕೆಂಬ ನಂಬಿಕೆ. ಮನೆಯವರು ಕಾಯಲಾರದೆ ದುಡ್ಡು ಕೊಟ್ಟು ಬಿಟ್ಟುಹೋದರು, ಬಿಟ್ಟುಹೋದವರಿಗಾಗಿ ದರ್ಗಾದ ಸುತ್ತ ಖಾಸಗಿ ವಸತಿಗಳೆದ್ದವು. ಗೀಲ್ ಶುರುವಾದದ್ದು ಹೇಗೋ ಅಚ್ಚು ಹಾಗೆಯೇ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ವಸತಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಏಳಲಾಗದೆ ಸುಟ್ಟುಹೋದರು, ಸತ್ತವರ ಸಂಖ್ಯೆ 28. ಬೀಜ ಒಂದೇ ಆದರೂ ಬೆಳೆ ಇಷ್ಟು ಬೇರೆಯಾದದ್ದೇಕೆ? ಕ್ರೈಸ್ತರ ನಂಬಿಕೆ ಮೇಲು, ನಮ್ಮದು ಕೀಳು ಅನ್ನುವ ಉತ್ತರ ನಿಲ್ಲುವುದಿಲ್ಲ, ಗೀಲ್‌ನಲ್ಲೂ ಸಂಕೋಲೆಯಿತ್ತು. ವ್ಯತ್ಯಾಸ ಸಂಖ್ಯೆಯಲ್ಲಿ ಮತ್ತು ಕಣ್ಣುಗಳಲ್ಲಿದೆ. ಗೀಲ್‌ನ ಒಂದು ಮನೆಯಲ್ಲಿ ಒಬ್ಬ, ಬಹಳವೆಂದರೆ ಇಬ್ಬರು. ಅವರು ಒಂದು ಸಂಸಾರದ ಒಳಗಿದ್ದರು, ನೆರೆಮನೆಯಲ್ಲೂ ಇನ್ನೊಬ್ಬನಿದ್ದ. ಯಾರ ಮನೆಯ ಬೋರ್ಡರ್ ಬಡಕಲಾಗಿದ್ದಾನೆ, ಯಾರ ಮನೆಯವನ ಮೈಮೇಲೆ ಬಾಸುಂಡೆಯಿದೆ ಅನ್ನುವುದು ಭಾನುವಾರದ ಪೂಜೆಗೆ ಬಂದವರ ಕಣ್ಣಿಗೆ ಬೀಳುತ್ತಿತ್ತು, 1850ರ ನಂತರ ತಪಾಸಣೆಯವರ ಕಣ್ಣಿಗೂ. ಏರ್ವಾಡಿಯಲ್ಲಿ ಒಬ್ಬ ಮಾಲೀಕನ ಕೈಕೆಳಗೆ ತಡಿಕೆಯ ಶೆಡ್ಡಿನಲ್ಲಿ ಹತ್ತಾರು ಜನ, ನೋಡುವವರು ಯಾರೂ ಇರಲಿಲ್ಲ. ನಮ್ಮ ಯಾತ್ರಾಸ್ಥಳವಾದ ಗಾಣಗಾಪುರದಲ್ಲಿ ಇಂಥವರ ಮನೆಯವರೇ ಜತೆಗಿದ್ದು ಸೇವೆ ಮಾಡಿಸುವ ರೂಢಿಯಿದೆ. ಅದಕ್ಕೂ ಏರ್ವಾಡಿಯ ವಸತಿಗೂ ಇರುವ ದೂರ ನಂಬಿಕೆಯ ದೂರವಲ್ಲ, ಜತೆಗೆ ಯಾರಿದ್ದಾರೆ ಅನ್ನುವುದರದು.

ಪವಿತ್ರ ಮನುಷ್ಯನ ಮೇಲಿನ ಭರವಸೆ ಈ ಕಣ್ಣುಗಳ ಬದಲಿಗೆ ಬರಲಾರದು ಅನ್ನುವುದಕ್ಕೆ ಇತ್ತೀಚಿನ ಸಾಕ್ಷಿಯೂ ಇದೆ. 1964ರಲ್ಲಿ ಫ್ರಾನ್ಸಿನ ಟ್ರೋಲಿ ಹಳ್ಳಿಯಲ್ಲಿ ಜಾನ್ ವಾನಿಯೇ ಎಂಬ ಕೆನಡಾದ ಕ್ಯಾಥೊಲಿಕ್ ಚಿಂತಕ, ಬೌದ್ಧಿಕ ವೈಕಲ್ಯವಿದ್ದ ವಯಸ್ಕರನ್ನು ಆಸ್ಪತ್ರೆಯಿಂದ ಕರೆತಂದು ಒಟ್ಟಿಗೆ ಬಾಳತೊಡಗಿದ. ಲಾರ್ಷ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಅದರ ಭಾರತದ ಮೊದಲ ಮನೆ 1970ರಲ್ಲಿ ಬೆಂಗಳೂರಿನಲ್ಲಿ ಆಶಾ ನಿಕೇತನವೆಂಬ ಹೆಸರಿನಲ್ಲಿ ಶುರುವಾಯಿತು. ಕ್ರೈಸ್ತ ಮೂಲದ ಆ ಮನೆಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಒಂದೇ ಸೂರಿನಡಿ ಇರುವಂತಾದದ್ದು ಇಲ್ಲಿಯ ನೆಲದ ಗುಣ. 1971ರ ಈಸ್ಟರ್‌ಗೆ ವಾನಿಯೇ ಮತ್ತು ಮಾರಿ ಎಲೆನ್ ಮಾತ್ಯೂ ಇಂಥ ಮಕ್ಕಳನ್ನೂ ಹೆತ್ತವರನ್ನೂ ಸೇರಿಸಿ ಲೂರ್ದ್ ಯಾತ್ರೆ ನಡೆಸಿದರು, ಸುಮಾರು 12,000 ಮಂದಿ ಬಂದರು. ಹಿಂದೆ ಇಬ್ಬರು ಅಂಗವಿಕಲ ಗಂಡುಮಕ್ಕಳ ತಂದೆತಾಯಿಗೆ ಅದೇ ಲೂರ್ದ್ ಯಾತ್ರೆಯಲ್ಲಿ ಸರಿಯಾದ ಜಾಗ ಸಿಗದೆ ಅವಮಾನವಾದದ್ದೇ ಇದಕ್ಕೆ ಪ್ರೇರಣೆ. ಗುಣವಾಗಲಿ ಎಂದು ಬೇಡುವ ಜಾಗಕ್ಕೆ, ಗುಣ ಮಾಡೆಂದು ಕೇಳದೆ ಹಬ್ಬ ಮಾಡಲು ಹೋದ ಯಾತ್ರೆ ಅದು. ಅಕ್ವಿನಾಸ್ ಪ್ರಸಾದದ ಮುಂದೆ ಎಳೆದಿದ್ದ ಗೆರೆ ಅಲ್ಲಿ ಮಸುಕಾಯಿತು. ಪರವಾಗಿ ಯಾರೋ ನಂಬುವುದು ಬೇಕಾಗಲಿಲ್ಲ, ಅವರೇ ಹಾಡಿದರು, ಅವರೇ ಕೈಚಾಚಿದರು. ಇಷ್ಟೆಲ್ಲ ಮಾಡಿಸಿದ ವಾನಿಯೇ 2019ರಲ್ಲಿ ತೀರಿಕೊಂಡ. ಮರುವರ್ಷವೇ, ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವನು ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದನೆಂದು ಸಂಸ್ಥೆಯೇ ನಡೆಸಿದ ತನಿಖೆ ಪ್ರಕಟಿಸಿತು. 2023ರ ಎರಡನೆಯ ವರದಿ ಅಂಥವರ ಸಂಖ್ಯೆಯನ್ನು ಕನಿಷ್ಠ 25 ಎಂದಿತು. ಅವರಲ್ಲಿ ಬೌದ್ಧಿಕ ವೈಕಲ್ಯವಿದ್ದವರು ಇರಲಿಲ್ಲ ಅನ್ನುವುದು ಒಂದು ಸಮಾಧಾನ, ಅಷ್ಟೇನೂ ದೊಡ್ಡದಲ್ಲ. ಸಂಸ್ಥೆ ಮಾತ್ರ ತನ್ನ ಸ್ಥಾಪಕನ ಪಾಪವನ್ನು ತಾನೇ ಬಗೆದು ಹೊರಗಿಟ್ಟು ಮುಂದೆ ನಡೆಯುತ್ತಿದೆ. ಮನೆಗಳು ಉಳಿದದ್ದು ಅವನ ಹೆಸರಿನಿಂದಲ್ಲ.

ಗೀಲ್‌ಗೆ ಮರಳಿದರೆ, ಅಲ್ಲಿಯ ಬೋರ್ಡರುಗಳ ಸಂಖ್ಯೆ 1938ರಲ್ಲಿ 3,700 ದಾಟಿತ್ತು. ಊರಿನ ಜನ ಆಗ ಇಪ್ಪತ್ತು ಸಾವಿರದ ಆಸುಪಾಸು. ಆಮೇಲೆ ಇಳಿಯುತ್ತಲೇ ಬಂದು, 2010ರ ದಶಕದ ನಡುವಿಗೆ 250ರ ಹತ್ತಿರ ಬಂತು. ಜನ ಚರ್ಚಿಗೆ ಹೋಗುವುದು ಬಿಟ್ಟದ್ದೇ ಕಾರಣವೆಂದು ಕೆಲವರು ಹೇಳುತ್ತಾರೆ. ಲೆಕ್ಕ ಹೊಂದುವುದಿಲ್ಲ. ಫ್ರೆಂಚರು ಚರ್ಚು ಮುಚ್ಚಿದಾಗ ಬಾರದ ಇಳಿಕೆ ಈಗ ಬಂದದ್ದಕ್ಕೆ ಬೇರೆ ಕಾರಣಗಳಿವೆ. ಹೊಲ ಗದ್ದೆ ಹೋಗಿ ಕಾರ್ಖಾನೆಗಳು ಬಂದವು. ಮನೆಯಲ್ಲಿರುತ್ತಿದ್ದ ಹೆಂಗಸರು ಕೆಲಸಕ್ಕೆ ಹೊರಟರು. ಇಡೀ ಪದ್ಧತಿ ನಿಂತಿದ್ದದ್ದು ಅವರ ಬೆನ್ನ ಮೇಲೆ ಅನ್ನುವುದು ಆಗ ಗೊತ್ತಾಯಿತು, ಸಂತಳೂ ವೈದ್ಯರೂ ಹಂಚಿಕೊಂಡ ಕೀರ್ತಿಯಲ್ಲಿ ಅವರ ಹೆಸರು ಕೊನೆಯಲ್ಲೇ ಬರುತ್ತದೆ. ಸರ್ಕಾರ ಕೊಡುವ ಹಣ ಇವತ್ತಿನ ಸಂಬಳಗಳ ಮುಂದೆ ಏನೇನೂ ಅಲ್ಲ. ಹೊಸ ಔಷಧಗಳಿಂದ ಹಲವರು ಒಂಟಿಯಾಗಿ ಬಾಳಬಲ್ಲರು, ಬೌದ್ಧಿಕ ವೈಕಲ್ಯವಿದ್ದವರಿಗೆ ಬೇರೆ ಬಗೆಯ ಮನೆಗಳು, ಹಗಲುಕೇಂದ್ರಗಳು ಬಂದಿವೆ. ಇಳಿಕೆಯ ಒಂದು ಭಾಗ ಸೋಲಲ್ಲ ಅನ್ನುವುದನ್ನೂ ಒಪ್ಪಬೇಕು. 2023ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ಪರಂಪರೆ ಕಾಪಾಡುವ ಒಳ್ಳೆಯ ಕ್ರಮಗಳ ಪಟ್ಟಿಗೆ ಸೇರಿಸಿತು.

ಇದನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಬಹುದೆಂದು ನಾನು ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಲ್ಜಿಯಂನ ಲಿಯೆರ್ನೂ, ಫ್ರಾನ್ಸಿನ ದ್ಯಂ ಸುರ್ ಒರೋಂ ಊರುಗಳಲ್ಲಿ ಸರ್ಕಾರಗಳೇ ಗೀಲ್ ಮಾದರಿಯ ವಸಾಹತುಗಳನ್ನು ಮಾಡಿದವು. ಸಂತಳಿಲ್ಲದೆಯೂ ಅವು ಬಹುಕಾಲ ನಡೆದವು. ನಂಬಿಕೆ ಅನಿವಾರ್ಯವಲ್ಲ ಅನ್ನುವವರಿಗೆ ಇದು ಬಲವಾದ ಪುರಾವೆ. ನಾನು ಅದಕ್ಕೆ ಸೇರಿಸುವುದಿಷ್ಟೆ: ಆ ಊರುಗಳು ನಕಲು ಮಾಡಿದ ಮೂಲ ಪ್ರತಿಯನ್ನು ಯಾವ ಸರ್ಕಾರವೂ ಯಾವ ವೈದ್ಯನೂ ಯೋಚಿಸಿ ಬರೆದದ್ದಲ್ಲ. ಅಪರಿಚಿತನ ಪೆದ್ದ ಮಗನನ್ನು ಮನೆಯೊಳಗೆ ಕರೆದುಕೊಳ್ಳಬಹುದು, ಕರೆದುಕೊಂಡರೆ ಏನೂ ಆಗುವುದಿಲ್ಲ ಅನ್ನುವುದನ್ನು ಹರಕೆ ಹೊತ್ತು ಬಂದವರಿಗೆ ಬಾಗಿಲು ತೆರೆದ ಊರೊಂದು ಮೊದಲು ಮಾಡಿ ತೋರಿಸಬೇಕಾಯಿತು. ನಮ್ಮ ದೇಶದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಹದಿನೆಂಟು ತುಂಬಿದ ಮೇಲೆ ಪೋಷಕರನ್ನು ನೇಮಿಸಲು ಅವಕಾಶ ಮಾಡಿಕೊಟ್ಟಿದೆ. ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಸಹಿ ಯಾರದು, ಆಸ್ತಿ ಯಾರ ಸುಪರ್ದಿಗೆ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಅರ್ಜಿಯಲ್ಲಿ ಬಹುತೇಕ ತುಂಬುವ ಹೆಸರು ಅಪ್ಪನದೋ ಅಮ್ಮನದೋ, ಅವರಿಗೆ ಆಗಲೇ ಅರವತ್ತೋ ಎಪ್ಪತ್ತೋ. ಅವರ ನಂತರದ ಹೆಸರಿಗಾಗಿ ಒಡಹುಟ್ಟಿದವರ ಮುಖ ನೋಡುತ್ತಾರೆ, ಅವರೂ ಇಲ್ಲದಿದ್ದರೆ ಸಂಸ್ಥೆಗಳನ್ನು ಹುಡುಕುತ್ತಾರೆ. ನೆರೆಮನೆಯ ಬಾಗಿಲು ತಟ್ಟುವ ಯೋಚನೆ ಅವರಿಗೂ ಬರುವುದಿಲ್ಲ, ನೆರೆಯವರಿಗೂ ಬರುವುದಿಲ್ಲ.